ನಗರದ ನಕ್ಷೆಯನ್ನು ಓದುವ ಬಗೆ: ಫ್ರಾನ್ಸಿನ ನಾಲ್ಕು ನಗರಗಳು

ತರಗತಿ: ಪ್ರೌಢಶಾಲಾ ಹಂತ
ವಿಷಯ: ಸಮಾಜವಿಜ್ಞಾನ ಮತ್ತು ಕನ್ನಡ ಭಾಷೆ (ಸಮನ್ವಯ ಪಾಠ)
ಅವಧಿ: ನಾಲ್ಕು ಪಿರಿಯಡ್‌ಗಳು

ಪಾಠದ ಉದ್ದೇಶಗಳು

ಈ ಪಾಠದ ಕೊನೆಗೆ ವಿದ್ಯಾರ್ಥಿಗಳು
1. ಒಂದು ನಗರದ ನೆಲೆ, ವಿನ್ಯಾಸ ಮತ್ತು ಹೆಗ್ಗುರುತುಗಳನ್ನು ನಕ್ಷೆಯಲ್ಲಿ ಗುರುತಿಸಿ ಕನ್ನಡದಲ್ಲಿ ವಿವರಿಸಬಲ್ಲವರಾಗುತ್ತಾರೆ;
2. ಬೀದಿಗಳ ಆಕಾರಕ್ಕೂ ಚರಿತ್ರೆಗೂ ಇರುವ ಸಂಬಂಧವನ್ನು ಉದಾಹರಣೆಗಳೊಡನೆ ತಿಳಿಸಬಲ್ಲವರಾಗುತ್ತಾರೆ;
3. ಸ್ಥಳನಾಮಗಳಲ್ಲಿ ಅಡಗಿರುವ ಭಾಷೆಯ ಚರಿತ್ರೆಯನ್ನು ತಮ್ಮ ಊರಿನಲ್ಲಿಯೂ ಹುಡುಕಬಲ್ಲವರಾಗುತ್ತಾರೆ.

ಪೀಠಿಕೆ

ಯುರೋಪ್ ಖಂಡದ ಪರಿಚಯ ಮಾಡಿಕೊಡುವಾಗ ಫ್ರಾನ್ಸ್ ದೇಶಕ್ಕೆ ನಮ್ಮ ತರಗತಿಗಳಲ್ಲಿ ದೊರೆಯುವುದು ಒಂದೆರಡು ವಾಕ್ಯ ಮಾತ್ರ. ರಾಜಧಾನಿ ಪ್ಯಾರಿಸ್, ನದಿ ಸೇನ್, ಹೆಗ್ಗುರುತು ಐಫೆಲ್ ಗೋಪುರ. ಮಕ್ಕಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರುದಿನ ಮರೆಯುತ್ತಾರೆ. ಮರೆತುದಕ್ಕಾಗಿ ಅವರನ್ನು ದೂರುವಂತಿಲ್ಲ. ನಂಟು ಇಲ್ಲದ ಹೆಸರುಗಳು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ನಗರದ ನಕ್ಷೆಯನ್ನು ಒಂದು ಗದ್ಯಭಾಗದಂತೆ ಓದಲು ಸಾಧ್ಯ. ಅದಕ್ಕೆ ಮೂರು ಪ್ರಶ್ನೆಗಳು ಸಾಕು. ಒಂದು, ಊರು ಇಲ್ಲಿಯೇ ಏಕೆ ನೆಲೆಗೊಂಡಿತು? ಎರಡು, ಇದರ ಬೀದಿಗಳನ್ನು ಯಾರು, ಯಾವ ಉದ್ದೇಶದಿಂದ ರೂಪಿಸಿದರು? ಮೂರು, ಬೀದಿಗಳ ಹೆಸರು ಯಾರ ನುಡಿಯಲ್ಲಿದೆ? ಮೊದಲ ಎರಡು ಪ್ರಶ್ನೆಗಳನ್ನು ಯಾವ ಶಾಲೆಯ ಮಕ್ಕಳಾದರೂ ಕೇಳಬಲ್ಲರು. ಮೂರನೆಯ ಪ್ರಶ್ನೆಯ ಅರಿವು ಗಡಿನಾಡಿನ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಇದೆ. ಮನೆಯಲ್ಲಿ ಊರಿಗೆ ಒಂದು ಹೆಸರು, ಬಸ್ಸಿನ ಫಲಕದಲ್ಲಿ ಮತ್ತೊಂದು ಹೆಸರು ಎಂಬುದನ್ನು ಅವರು ದಿನವೂ ಕಾಣುತ್ತಾರೆ. ಈ ಅರಿವನ್ನು ಕೊರತೆಯೆಂದು ಎಣಿಸದೆ ಕಲಿಕೆಯ ಸಾಧನವಾಗಿ ಬಳಸಿಕೊಳ್ಳುವುದು ಈ ಪಾಠದ ಆಶಯ.

ಇದಕ್ಕಾಗಿ ಪ್ಯಾರಿಸ್, ಲಿಯೋನ್, ಮಾರ್ಸೇಲ್ ಮತ್ತು ಸ್ಟ್ರಾಸ್‌ಬರ್ಗ್ ಎಂಬ ನಾಲ್ಕು ನಗರಗಳನ್ನು ಆಯ್ದುಕೊಳ್ಳಲಾಗಿದೆ. ಫ್ರಾನ್ಸಿನ ಭೂಪಟವನ್ನು ಗೋಡೆಗೆ ತೂಗುಹಾಕಿ ಮೊದಲು ಇವುಗಳ ಸ್ಥಾನವನ್ನು ತೋರಿಸತಕ್ಕದ್ದು. ಪ್ಯಾರಿಸ್ ದೇಶದ ಉತ್ತರಭಾಗದಲ್ಲಿ, ಸ್ಟ್ರಾಸ್‌ಬರ್ಗ್ ಪೂರ್ವದ ಜರ್ಮನಿಯ ಗಡಿಯಲ್ಲಿ, ಲಿಯೋನ್ ಆಗ್ನೇಯದಲ್ಲಿ, ಮಾರ್ಸೇಲ್ ದಕ್ಷಿಣದ ಮೆಡಿಟರೇನಿಯನ್ ಕರಾವಳಿಯಲ್ಲಿ ಇವೆ.

1. ಪ್ಯಾರಿಸ್: ನಡುಗಡ್ಡೆಯಿಂದ ಬೆಳೆದ ನಗರ

ಸೇನ್ ನದಿ ಪ್ಯಾರಿಸ್ಸಿನ ನಡುವೆ ಸ್ಥೂಲವಾಗಿ ಪೂರ್ವದಿಂದ ಪಶ್ಚಿಮಕ್ಕೆ, ಬಿಲ್ಲಿನಂತೆ ಬಾಗಿ ಹರಿಯುತ್ತದೆ. ಅದರ ನಡುವೆ ಸಿತೆ ಎಂಬ ನಡುಗಡ್ಡೆಯಿದೆ. ಹೊಳೆಯನ್ನು ಒಮ್ಮೆಗೇ ದಾಟುವುದಕ್ಕಿಂತ ನಡುಗಡ್ಡೆಯ ಮೂಲಕ ಎರಡು ಚಿಕ್ಕ ಸೇತುವೆಗಳಿಂದ ದಾಟುವುದು ಸುಲಭ. ಹೀಗೆ ದಾರಿಗಳು ಕೂಡಿದಲ್ಲಿ ಊರು ಹುಟ್ಟಿತು. ಪಾರಿಸೀ ಎಂಬ ಬುಡಕಟ್ಟಿನ ಹೆಸರೇ ನಗರದ ಹೆಸರಾಗಿ ಉಳಿಯಿತು. ರೋಮನ್ನರು ಇಲ್ಲಿ ಲುಟೇಶಿಯಾ ಎಂಬ ಪಟ್ಟಣವನ್ನು ಕಟ್ಟಿದ್ದು ಮುಖ್ಯವಾಗಿ ನದಿಯ ಎಡದಂಡೆಯ ಇಳಿಜಾರಿನಲ್ಲಿ.

‘ಎಡದಂಡೆ’, ‘ಬಲದಂಡೆ’ ಎಂಬ ಪದಗಳನ್ನು ಇಲ್ಲಿ ಸ್ಪಷ್ಟಪಡಿಸಬೇಕು. ನೀರು ಹರಿದುಹೋಗುವ ದಿಕ್ಕಿಗೆ ಮುಖಮಾಡಿ ನಿಂತಾಗ ಬಲಗೈಗೆ ಬರುವುದು ಬಲದಂಡೆ, ಎಡಗೈಗೆ ಬರುವುದು ಎಡದಂಡೆ. ಆದವಾನಿ, ರಾಯದುರ್ಗ ಸೀಮೆಯ ಮಕ್ಕಳು ತುಂಗಭದ್ರೆಯ ಬಲದಂಡೆ ಕಾಲುವೆಯ ಹೆಸರನ್ನು ಕೇಳಿಯೇ ಬೆಳೆದಿರುತ್ತಾರೆ. ಅವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಪ್ಯಾರಿಸ್ಸಿನಲ್ಲಿ ಸೇನ್ ಪಶ್ಚಿಮದ ಕಡೆಗೆ ಹರಿಯುವುದರಿಂದ ಬಲದಂಡೆಯು ಉತ್ತರಕ್ಕೂ ಎಡದಂಡೆಯು ದಕ್ಷಿಣಕ್ಕೂ ಬರುತ್ತದೆ. ವ್ಯಾಪಾರವು ಬಲದಂಡೆಯಲ್ಲಿ ಬೆಳೆಯಿತು. ಮಧ್ಯಯುಗದ ವಿದ್ಯಾಪೀಠವು ಎಡದಂಡೆಯಲ್ಲಿ ಬೆಳೆಯಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಲ್ಯಾಟಿನ್ ಭಾಷೆಯಲ್ಲಿ ವ್ಯವಹರಿಸುತ್ತಿದ್ದುದರಿಂದ ಆ ಭಾಗಕ್ಕೆ ಇಂದಿಗೂ ಲ್ಯಾಟಿನ್ ಕೇರಿ ಎಂಬ ಹೆಸರಿದೆ.

ನಡುಗಡ್ಡೆಯ ಮೇಲಿರುವ ನೋತ್ರ್ ದಾಮ್ ಚರ್ಚಿನ ನಿರ್ಮಾಣ 1163ರಲ್ಲಿ ಆರಂಭವಾಯಿತೆಂದು ಹೇಳಲಾಗುತ್ತದೆ. 2019ರ ಏಪ್ರಿಲ್ 15ರಂದು ಅದರ ಮರದ ಮೇಲ್ಛಾವಣಿ ಬೆಂಕಿಗೆ ಆಹುತಿಯಾಯಿತು. ದುರಸ್ತಿಯ ಬಳಿಕ 2024ರ ಡಿಸೆಂಬರ್‌ನಲ್ಲಿ ಚರ್ಚು ಮತ್ತೆ ತೆರೆಯಿತು. ಅದರ ಮುಂದಿನ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಒಂದು ಗುರುತಿದೆ. ಪ್ಯಾರಿಸ್ಸಿನಿಂದ ಇತರ ಊರುಗಳಿಗಿರುವ ರಸ್ತೆಯ ದೂರವನ್ನು ಅಲ್ಲಿಂದ ಅಳೆಯುತ್ತಾರೆ.

ಇನ್ನು ನಗರದ ವಿಭಾಗಗಳು. ಆಡಳಿತಕ್ಕಾಗಿ ಪ್ಯಾರಿಸ್ಸನ್ನು 20 ವಾರ್ಡುಗಳಾಗಿ ವಿಂಗಡಿಸಲಾಗಿದೆ. ಒಂದನೆಯದು ನಟ್ಟನಡುವೆ ಇದ್ದು, ಉಳಿದವು ಅದನ್ನು ಪ್ರದಕ್ಷಿಣೆ ಹಾಕುವಂತೆ ಸುತ್ತುತ್ತ ಹೊರಗೆ ಹೋಗುತ್ತವೆ. ನಕ್ಷೆಯಲ್ಲಿ ಅದು ಬಸವನಹುಳುವಿನ ಚಿಪ್ಪಿನಂತೆ ಕಾಣುತ್ತದೆ. 1860ರಲ್ಲಿ ಸುತ್ತಲಿನ ಹಳ್ಳಿಗಳನ್ನು ನಗರಕ್ಕೆ ಸೇರಿಸಿಕೊಂಡಾಗ ಈ ಏರ್ಪಾಡು ಜಾರಿಗೆ ಬಂದಿತು. ಮನೆಗಳ ಸಂಖ್ಯೆಗೂ ನದಿಯೇ ಆಧಾರ. ನದಿಗೆ ಅಡ್ಡಲಾಗಿರುವ ಬೀದಿಗಳಲ್ಲಿ ಎಣಿಕೆ ನದಿಯ ಕಡೆಯಿಂದ ಆರಂಭವಾಗುತ್ತದೆ. ನದಿಯ ಜೊತೆಗೆ ಸಾಗುವ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿನಲ್ಲಿ ಏರುತ್ತದೆ. ಸಮಸಂಖ್ಯೆಗಳು ಬಲಕ್ಕೆ, ಬೆಸಸಂಖ್ಯೆಗಳು ಎಡಕ್ಕೆ. 1805ರಲ್ಲಿ ಆರಂಭವಾದ ಈ ಕ್ರಮವನ್ನು ತಿಳಿದವನು ದಾರಿ ತಪ್ಪಿದರೂ ಮನೆಯ ಸಂಖ್ಯೆಯನ್ನು ನೋಡಿಯೇ ನದಿ ಯಾವ ಕಡೆಗಿದೆಯೆಂದು ಊಹಿಸಬಲ್ಲನು.

ಎರಡನೆಯ ಪ್ರಶ್ನೆಗೆ ಬರೋಣ. ಬೀದಿಗಳನ್ನು ರೂಪಿಸಿದವರು ಯಾರು? ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಪ್ಯಾರಿಸ್ಸಿನ ನಡುಭಾಗವು ಇಕ್ಕಟ್ಟಾದ ಓಣಿಗಳ, ಬೆಳಕು ಬಾರದ ಮನೆಗಳ ತಾಣವಾಗಿತ್ತು. 1832ರಲ್ಲಿ ಮತ್ತು 1849ರಲ್ಲಿ ಕಾಲರಾ ಪಿಡುಗು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. 1830 ಮತ್ತು 1848ರ ಕ್ರಾಂತಿಗಳಲ್ಲಿ ಜನರು ಇದೇ ಓಣಿಗಳಿಗೆ ಕಲ್ಲು, ಬಂಡಿಗಳನ್ನು ಅಡ್ಡಹಾಕಿ ಸೇನೆಯನ್ನು ತಡೆದಿದ್ದರು. ಚಕ್ರವರ್ತಿ ಮೂರನೆಯ ನೆಪೋಲಿಯನ್ ನೇಮಿಸಿದ ಓಸ್ಮಾನ್ ಎಂಬ ಅಧಿಕಾರಿ 1853ರಿಂದ 1870ರವರೆಗೆ ನಗರವನ್ನು ಸೀಳಿ ಅಗಲವಾದ ನೇರ ರಸ್ತೆಗಳನ್ನು ಮಾಡಿಸಿದನು. ನೆಲದಡಿಯ ಚರಂಡಿ, ಕುಡಿಯುವ ನೀರಿನ ಕೊಳವೆ, ಉದ್ಯಾನಗಳು, ಒಂದೇ ಎತ್ತರದ ಕಲ್ಲುಮನೆಗಳ ಸಾಲು, ಎಲ್ಲವೂ ಆ ಕಾಲದವು. ಗಾಳಿಬೆಳಕು, ಆರೋಗ್ಯ, ವಾಹನಸಂಚಾರ ಇವುಗಳ ಜೊತೆಗೆ ಸೇನೆ ಸುಲಭವಾಗಿ ಸಾಗಬೇಕೆಂಬುದೂ ಇದರ ಉದ್ದೇಶಗಳಲ್ಲಿ ಒಂದಾಗಿತ್ತು. ಮನೆ ಕಳೆದುಕೊಂಡ ಬಡವರು ಹೆಚ್ಚಿದ ಬಾಡಿಗೆಯನ್ನು ಕೊಡಲಾಗದೆ ನಗರದ ಅಂಚುಗಳಿಗೆ ಸರಿದರು. ಪ್ರವಾಸಿಗರು ಮೆಚ್ಚುವ ಅಂದದ ಬೀದಿಯ ಹಿಂದೆ ಈ ಕತೆಯೂ ಇದೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು.

ಹೆಗ್ಗುರುತುಗಳನ್ನು ಬಿಡಿಬಿಡಿಯಾಗಿ ಕಲಿಸದೆ ಒಂದು ಗೆರೆಯ ಮೇಲೆ ಜೋಡಿಸಿ ತೋರಿಸಿದರೆ ನೆನಪಿನಲ್ಲಿ ಉಳಿಯುತ್ತವೆ. ಹಿಂದೆ ಅರಮನೆಯಾಗಿದ್ದು ಈಗ ವಸ್ತುಸಂಗ್ರಹಾಲಯವಾಗಿರುವ ಲೂವ್ರ್‌ನಿಂದ ವಾಯವ್ಯಕ್ಕೆ ಹೊರಡೋಣ. ತೋಟವನ್ನು ದಾಟಿದರೆ ಕಾಂಕಾರ್ಡ್ ಚೌಕ, ಅಲ್ಲಿ ಈಜಿಪ್ಟಿನಿಂದ ತಂದ ಕಲ್ಲುಗಂಬ. ಮುಂದೆ ಸುಮಾರು 2 ಕಿ.ಮೀ. ಉದ್ದದ ಶಾಂಜೆಲಿಜೆ ರಸ್ತೆ. ಅದರ ತುದಿಯಲ್ಲಿ 1806ರಲ್ಲಿ ಆರಂಭಿಸಿ 1836ರಲ್ಲಿ ಮುಗಿಸಿದ ವಿಜಯದ ಕಮಾನು. ಕಮಾನಿನ ಸುತ್ತ 12 ರಸ್ತೆಗಳು ಗಾಲಿಯ ಅರಗಳಂತೆ ಹರಡಿವೆ. ಇದೇ ಗೆರೆಯನ್ನು ಮುಂದಕ್ಕೆ ಎಳೆದರೆ 1989ರಲ್ಲಿ ಪೂರ್ಣಗೊಂಡ ಹೊಸ ದೊಡ್ಡ ಕಮಾನು ಸಿಗುತ್ತದೆ. ಐಫೆಲ್ ಗೋಪುರ ಈ ಗೆರೆಯ ಮೇಲಿಲ್ಲ, ಅದು ಎಡದಂಡೆಯಲ್ಲಿದೆ. 1889ರ ವಸ್ತುಪ್ರದರ್ಶನಕ್ಕಾಗಿ 20 ವರ್ಷಗಳ ಅನುಮತಿಯ ಮೇಲೆ ನಿಂತ ಆ ಕಬ್ಬಿಣದ ಗೋಪುರ, ರೇಡಿಯೋ ಸಂಕೇತಗಳಿಗೆ ಉಪಯುಕ್ತವೆಂದು ಉಳಿದುಕೊಂಡಿತು. ಇಂದು ಅದರ ಎತ್ತರ 330 ಮೀಟರ್.

2. ಲಿಯೋನ್: ಎರಡು ನದಿ, ಎರಡು ಗುಡ್ಡ

ಸೋನ್ ಮತ್ತು ರೋನ್ ನದಿಗಳ ಸಂಗಮದಲ್ಲಿ ಲಿಯೋನ್ ಇದೆ. ಕ್ರಿ.ಪೂ. 43ರಲ್ಲಿ ರೋಮನ್ನರು ಸೋನ್ ನದಿಯ ಪಶ್ಚಿಮದ ಫೂರ್ವಿಯೇರ್ ಗುಡ್ಡದ ಮೇಲೆ ಊರನ್ನು ಸ್ಥಾಪಿಸಿದರು. ಕಾಲಕ್ರಮದಲ್ಲಿ ಊರು ಗುಡ್ಡದಿಂದ ಇಳಿದು ಹೊಳೆಯ ದಡಕ್ಕೆ, ಅಲ್ಲಿಂದ ಎರಡು ನದಿಗಳ ನಡುವಿನ ನೆಲದ ನಾಲಗೆಗೆ, ಕೊನೆಗೆ ರೋನ್ ನದಿಯ ಆಚೆಯ ಬಯಲಿಗೆ ಹರಡಿತು. ಪಶ್ಚಿಮದಿಂದ ಪೂರ್ವಕ್ಕೆ ನಡೆದರೆ ರೋಮನ್ ರಂಗಮಂದಿರ, ನವೋದಯ ಕಾಲದ ಹಳೆಯ ಪೇಟೆ, ಬೆಲ್‌ಕೂರ್ ಎಂಬ ವಿಶಾಲ ಚೌಕ, ಬಳಿಕ ಹೊಸ ನಗರ, ಹೀಗೆ ಚರಿತ್ರೆಯ ಕಾಲಗಳನ್ನು ಒಂದರ ಬಳಿಕ ಒಂದರಂತೆ ದಾಟಬಹುದು.

ಇಲ್ಲಿನ ಜನರು ಫೂರ್ವಿಯೇರ್ ಗುಡ್ಡವನ್ನು ಪ್ರಾರ್ಥಿಸುವ ಗುಡ್ಡವೆಂದೂ, ಉತ್ತರದ ಕ್ರ್ವಾ ರೂಸ್ ಗುಡ್ಡವನ್ನು ದುಡಿಯುವ ಗುಡ್ಡವೆಂದೂ ಕರೆಯುತ್ತಾರೆ. ಮೊದಲನೆಯದರ ನೆತ್ತಿಯಲ್ಲಿ ಬಿಳಿಯ ಚರ್ಚು ಇದೆ. ಎರಡನೆಯದರಲ್ಲಿ ರೇಷ್ಮೆ ನೇಕಾರರು ವಾಸಿಸುತ್ತಿದ್ದರು. ಎತ್ತರದ ಮಗ್ಗಗಳು ನಿಲ್ಲಬೇಕಾದ್ದರಿಂದ ಅಲ್ಲಿನ ಮನೆಗಳ ಛಾವಣಿ ಎತ್ತರ, ಕಿಟಕಿ ದೊಡ್ಡದು. ಮನೆಗಳ ಒಳಗಿನಿಂದಲೇ, ಅಂಗಳಗಳನ್ನೂ ಮೆಟ್ಟಿಲುಗಳನ್ನೂ ಹಾದು ಒಂದು ಬೀದಿಯಿಂದ ಮತ್ತೊಂದು ಬೀದಿಗೆ ಹೋಗುವ ಮುಚ್ಚಿದ ಹಾದಿಗಳು ನೂರಾರು ಇವೆ. ಅವುಗಳಿಗೆ ‘ತ್ರಾಬೂಲ್’ ಎಂದು ಹೆಸರು. ಮಳೆಗೆ ನೆನೆಯದಂತೆ ರೇಷ್ಮೆಯ ಬಟ್ಟೆಯನ್ನು ಸಾಗಿಸಲು ಅವು ನೆರವಾದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಕಣ್ಣುತಪ್ಪಿಸಲು ಹೋರಾಟಗಾರರಿಗೂ ನೆರವಾದವು. 1831ರಲ್ಲಿ ನೇಯ್ಗೆಗೆ ಕನಿಷ್ಠ ದರ ಬೇಕೆಂದು ಈ ನೇಕಾರರು ಬಂಡೆದ್ದುದು ಯುರೋಪಿನ ಕಾರ್ಮಿಕ ಚರಿತ್ರೆಯ ಮುಖ್ಯ ಘಟನೆಗಳಲ್ಲಿ ಒಂದು.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಶಿಕ್ಷಕರಿಗೆ ಇಲ್ಲಿ ಒಂದು ನೇರವಾದ ಕೊಂಡಿ ದೊರೆಯುತ್ತದೆ. ತೂತು ಕೊರೆದ ರಟ್ಟುಗಳ ಸರಣಿಯಿಂದ ಬಟ್ಟೆಯಲ್ಲಿ ಚಿತ್ತಾರವನ್ನು ಮೂಡಿಸುವ ಜಕಾರ್ಡ್ ಸಾಧನಕ್ಕೆ ಆ ಹೆಸರು ಬಂದದ್ದು ಲಿಯೋನಿನ ಜೋಸೆಫ್ ಮರಿ ಜಕಾರ್ಡ್ ಎಂಬಾತನಿಂದ. ಆತ ಅದನ್ನು ರೂಪಿಸಿದ್ದು 1804ರ ಸುಮಾರಿಗೆ. ಸೊಲ್ಲಾಪುರದ ಚಾದರದ ಮೇಲಿನ ಹೂಬಳ್ಳಿ ಮೂಡುವುದು ಜಕಾರ್ಡ್ ಮಗ್ಗದಿಂದಲೇ. ಮಗ್ಗದ ಮನೆಯ ಮಕ್ಕಳಿದ್ದರೆ ಆ ರಟ್ಟುಗಳನ್ನು ತರಗತಿಗೆ ತರಿಸಿ ಅವರಿಂದಲೇ ವಿವರಣೆ ಹೇಳಿಸುವುದು ಉತ್ತಮ.

3. ಮಾರ್ಸೇಲ್: ಬಂದರಿನ ಬೀದಿ

ಸುಮಾರು ಕ್ರಿ.ಪೂ. 600ರಲ್ಲಿ ಗ್ರೀಕ್ ನಾವಿಕರು ನೆಲೆಯೂರಿದ ಮಾರ್ಸೇಲ್ ಫ್ರಾನ್ಸಿನ ಅತ್ಯಂತ ಹಳೆಯ ನಗರಗಳಲ್ಲಿ ಒಂದು. ಬಿರುಗಾಳಿಯಿಂದ ರಕ್ಷಣೆಯಿರುವ ಕಿರಿದಾದ ಕಡಲತೋಳು ಅವರನ್ನು ಸೆಳೆಯಿತು. ಅದೇ ಇಂದಿನ ಹಳೆಯ ಬಂದರು. ಬಂದರಿನ ತುದಿಯಿಂದ ನಗರದ ಒಳಕ್ಕೆ ಹೋಗುವ ಪ್ರಧಾನ ರಸ್ತೆಯ ಹೆಸರು ಕಾನೆಬಿಯೇರ್. ಇದು ಪ್ರೊವಾನ್ಸಾಲ್ ಎಂಬ ದಕ್ಷಿಣದ ನುಡಿಯ ಪದ. ಸೆಣಬಿನ ಜಾತಿಯ ನಾರುಗಿಡಕ್ಕೆ ಸಂಬಂಧಿಸಿದ್ದು. ಹಡಗಿನ ಹಗ್ಗಗಳನ್ನು ಆ ನಾರಿನಿಂದ ಇಲ್ಲಿ ಹೊಸೆಯುತ್ತಿದ್ದರು. ಹಗ್ಗದ ಕಸುಬು ಹೋಯಿತು, ಆ ನುಡಿಯನ್ನಾಡುವವರೂ ನಗರದಲ್ಲಿ ವಿರಳವಾದರು. ಬೀದಿಯ ಹೆಸರು ಮಾತ್ರ ಎರಡನ್ನೂ ಕಾಪಿಟ್ಟುಕೊಂಡಿದೆ. ದಕ್ಷಿಣದ ಗುಡ್ಡದ ಮೇಲೆ ಚಿನ್ನದ ಲೇಪವುಳ್ಳ ಮರಿಯಮ್ಮನ ಪ್ರತಿಮೆಯನ್ನು ಹೊತ್ತ ಚರ್ಚು ಇದೆ. ಕಡಲಿಂದ ಮರಳುವ ನಾವಿಕನಿಗೆ ದೂರದಿಂದ ಕಾಣುವ ಗುರುತು ಅದೇ. ಹೆಗ್ಗುರುತು ಎಂಬ ಪದದ ಮೂಲಾರ್ಥವನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

4. ಸ್ಟ್ರಾಸ್‌ಬರ್ಗ್: ಗಡಿ ಸರಿದಾಡಿದ ನಗರ

ನಮ್ಮ ಶಾಲೆಗಳ ಮಟ್ಟಿಗೆ ಈ ಪಾಠದ ಮುಖ್ಯ ಭಾಗವಿದು. ಇದಕ್ಕೆ ಒಂದು ಪೂರ್ಣ ಪಿರಿಯಡ್ ಮೀಸಲಿಡತಕ್ಕದ್ದು.

ಸ್ಟ್ರಾಸ್‌ಬರ್ಗ್ ಎಂಬ ಹೆಸರಿಗೆ ಜರ್ಮನ್ ನುಡಿಯಲ್ಲಿ ‘ಹಾದಿಗಳ ಕೋಟೆ’ ಎಂಬ ಅರ್ಥ. ಇಲ್ ಎಂಬ ನದಿ ಎರಡು ಕವಲಾಗಿ ಹಳೆಯ ಊರನ್ನು ಹಾರದಂತೆ ಸುತ್ತುವರಿದಿದೆ. ಪೂರ್ವಕ್ಕೆ ಕೆಲವು ಕಿಲೋಮೀಟರ್ ದೂರದಲ್ಲಿ ರೈನ್ ನದಿ. ಅದರ ಆಚೆ ಜರ್ಮನಿ. ನಡುಗಡ್ಡೆಯ ಮಧ್ಯದಲ್ಲಿ ನಸುಗೆಂಪು ಮರಳುಗಲ್ಲಿನ ಮಹಾಚರ್ಚು 142 ಮೀಟರ್ ಎತ್ತರಕ್ಕೆ ನಿಂತಿದೆ. ಅದರ ಶಿಖರ 1439ರಲ್ಲಿ ಪೂರ್ಣಗೊಂಡಿತು. ಜೋಡಿಶಿಖರ ಏಳಲೇ ಇಲ್ಲ. 1647ರಿಂದ 1874ರವರೆಗೆ ಇದು ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಗಿತ್ತು. ಚರ್ಚಿನ ಸುತ್ತಲಿನ ಬೀದಿಗಳು ಕಸುಬುಗಳ ಹೆಸರನ್ನು ಹೊತ್ತಿವೆ: ಅಂಬಿಗರ ಕಟ್ಟೆ, ಹಳೆಯ ಮೀನುಪೇಟೆಯ ಬೀದಿ, ಹಂದಿಮರಿ ಸಂತೆಯ ಚೌಕ.

ನಗರದ ಆಳ್ವಿಕೆ ಬದಲಾದ ಕ್ರಮವನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬಹುದು:

1681: ಹದಿನಾಲ್ಕನೆಯ ಲೂಯಿ ನಗರವನ್ನು ಫ್ರಾನ್ಸಿಗೆ ಸೇರಿಸಿಕೊಂಡನು.
1871: ಯುದ್ಧದಲ್ಲಿ ಫ್ರಾನ್ಸ್ ಸೋತು, ನಗರ ಜರ್ಮನಿಗೆ ಸೇರಿತು.
1918: ಮೊದಲ ಮಹಾಯುದ್ಧದ ಕೊನೆಗೆ ಮತ್ತೆ ಫ್ರಾನ್ಸಿಗೆ.
1940: ಹಿಟ್ಲರನ ಜರ್ಮನಿಯ ವಶಕ್ಕೆ.
1944: ನವೆಂಬರ್ 23ರಂದು ಬಿಡುಗಡೆ, ಮತ್ತೆ ಫ್ರಾನ್ಸಿಗೆ.

1870ರಲ್ಲಿ ಹುಟ್ಟಿ 75 ವರ್ಷ ಬಾಳಿದ ಒಬ್ಬ ಅಜ್ಜಿಯನ್ನು ಮಕ್ಕಳು ಕಲ್ಪಿಸಿಕೊಳ್ಳಲಿ. ಆಕೆ ತನ್ನ ಬೀದಿಯನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ದೇಶ ಮಾತ್ರ ನಾಲ್ಕು ಬಾರಿ ಬದಲಾಯಿತು. ಪ್ರತಿಸಲವೂ ಶಾಲೆಯ ಭಾಷೆ ಬದಲಾಯಿತು, ಬೀದಿಯ ಫಲಕ ಬದಲಾಯಿತು. ಜರ್ಮನರು 1871ರ ಬಳಿಕ ಹಳೆಯ ನಡುಗಡ್ಡೆಯ ಹೊರಗೆ ‘ಹೊಸ ಪಟ್ಟಣ’ವನ್ನು ಕಟ್ಟಿದರು. ನಕ್ಷೆಯಲ್ಲಿ ಎರಡನ್ನೂ ಹೋಲಿಸಿರಿ: ಒಂದೆಡೆ ಬಳುಕುವ ಓಣಿಗಳು, ಮತ್ತೊಂದೆಡೆ ಅಗಲವಾದ ನೇರ ರಸ್ತೆಗಳು, ಅರಮನೆ, ವಿಶ್ವವಿದ್ಯಾಲಯ, ದೊಡ್ಡ ಗ್ರಂಥಾಲಯ. 1870ರ ಮುತ್ತಿಗೆಯಲ್ಲಿ ನಗರದ ಹಳೆಯ ಗ್ರಂಥಾಲಯ ಸುಟ್ಟು ಅಮೂಲ್ಯವಾದ ಹಸ್ತಪ್ರತಿಗಳು ನಾಶವಾಗಿದ್ದವು. ಈ ಹೊಸ ಪಟ್ಟಣದ ಕೈಸರ್ ಚೌಕಕ್ಕೆ 1918ರ ಬಳಿಕ ಗಣರಾಜ್ಯ ಚೌಕವೆಂದು ಹೆಸರಾಯಿತು. ಜರ್ಮನರು ಕಟ್ಟಿದುದೆಂದು ಈ ಭಾಗವನ್ನು ಯಾರೂ ಕೆಡವಲಿಲ್ಲ. 1988ರಲ್ಲಿ ಹಳೆಯ ನಡುಗಡ್ಡೆಗೆ ಸಂದ ವಿಶ್ವ ಪರಂಪರೆಯ ಮನ್ನಣೆ 2017ರಲ್ಲಿ ಹೊಸ ಪಟ್ಟಣಕ್ಕೂ ವಿಸ್ತರಿಸಿತು.

ಆ ಚೌಕದ ನಡುವೆ 1936ರಲ್ಲಿ ನಿಲ್ಲಿಸಿದ ಯುದ್ಧಸ್ಮಾರಕವಿದೆ. ಒಬ್ಬ ತಾಯಿ, ಆಕೆಯ ಮಡಿಲಲ್ಲಿ ಪ್ರಾಣ ಬಿಡುತ್ತಿರುವ ಇಬ್ಬರು ಮಕ್ಕಳು. ಒಬ್ಬನು ಫ್ರಾನ್ಸಿನ ಪರವಾಗಿ, ಇನ್ನೊಬ್ಬನು ಜರ್ಮನಿಯ ಪರವಾಗಿ ಹೋರಾಡಿದವರು. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ಕೆಳಗೆ ‘ನಮ್ಮ ಮೃತರಿಗೆ’ ಎಂದಷ್ಟೇ ಬರೆದಿದೆ. ಯಾವ ದೇಶಕ್ಕಾಗಿ ಎಂಬ ಮಾತಿಲ್ಲ. ಫ್ರಾನ್ಸಿನ ಹೆಗ್ಗುರುತುಗಳ ಪಟ್ಟಿಯಲ್ಲಿ ಐಫೆಲ್ ಗೋಪುರದ ಪಕ್ಕದಲ್ಲಿ ಇದನ್ನೂ ಬರೆಸಿರಿ.

ಶಿಕ್ಷಕರಿಗೆ ಒಂದು ಸೂಚನೆ. ಆಲ್ಫೋನ್ಸ್ ದೋದೆ ಬರೆದ ‘ಕೊನೆಯ ಪಾಠ’ ಎಂಬ ಕತೆ ಎನ್.ಸಿ.ಇ.ಆರ್.ಟಿ.ಯ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪಠ್ಯದ ಮೂಲಕ ಅನೇಕರಿಗೆ ಪರಿಚಿತ. ಸ್ಟ್ರಾಸ್‌ಬರ್ಗ್ ಸೇರಿರುವ ಅಲ್ಸೇಸ್ ಪ್ರಾಂತದಲ್ಲಿ ನಡೆಯುವ ಆ ಕತೆಯಲ್ಲಿ, ಗೆದ್ದ ಜರ್ಮನರು ಶಾಲೆಯಲ್ಲಿ ಫ್ರೆಂಚನ್ನು ನಿಲ್ಲಿಸುತ್ತಾರೆ. ಕತೆ ಮನಮುಟ್ಟುವಂಥದು. ಆದರೆ ಆ ಕಾಲದ ಅಲ್ಸೇಸಿನ ಹಳ್ಳಿಗಳಲ್ಲಿ ಬಹುತೇಕ ಮಕ್ಕಳ ಮನೆಮಾತು ಫ್ರೆಂಚ್ ಆಗಿರಲಿಲ್ಲ. ಜರ್ಮನ್ ಬಳಗಕ್ಕೆ ಸೇರಿದ ಅಲ್ಸೇಸಿಯನ್ ನುಡಿಯಾಗಿತ್ತು. ಇದನ್ನು ತಿಳಿದು ಓದಿದಾಗ ಕತೆ ಇನ್ನಷ್ಟು ಆಳವಾಗುತ್ತದೆ. ಎರಡು ದೊಡ್ಡ ರಾಜ್ಯಭಾಷೆಗಳ ಹಗ್ಗಜಗ್ಗಾಟದಲ್ಲಿ ಮೂರನೆಯದಾದ ಮನೆಮಾತಿಗೆ ತರಗತಿಯಲ್ಲಿ ಜಾಗವೇ ಇರಲಿಲ್ಲ. 1940ರಿಂದ 1944ರವರೆಗೆ ಫ್ರೆಂಚ್ ಮಾತನಾಡುವುದೇ ನಿಷಿದ್ಧವಾಗಿತ್ತು. ಯುದ್ಧ ಮುಗಿದ ಬಳಿಕ ಶಾಲೆಗಳಲ್ಲಿ ಅಲ್ಸೇಸಿಯನ್ ಹಿಂದಕ್ಕೆ ಸರಿಯಿತು. ಅಜ್ಜಿಯ ನುಡಿ ಮೊಮ್ಮಕ್ಕಳಿಗೆ ದಾಟುವುದು ಕಡಿಮೆಯಾಯಿತು.

1990ರ ದಶಕದಿಂದ ಹಳೆಯ ನಗರದ ಬೀದಿಗಳಲ್ಲಿ ಫ್ರೆಂಚ್ ಹೆಸರಿನ ಜೊತೆಗೆ ಅಲ್ಸೇಸಿಯನ್ ಹೆಸರನ್ನೂ ಬರೆದಿದ್ದಾರೆ. ಫಲಕಕ್ಕೆ ನುಡಿ ಮರಳಿತು. ಮನೆಯ ಮಾತಿಗೆ ಮರಳುವುದು ಅಷ್ಟು ಸುಲಭವಾಗಿಲ್ಲ. ರೈನ್ ನದಿಯ ಮೇಲೆ 2017ರಿಂದ ಟ್ರಾಮ್ ಬಂಡಿ ಓಡುತ್ತಿದ್ದು, ಆಚೆದಡದ ಜರ್ಮನಿಯ ಕೇಲ್ ಪಟ್ಟಣಕ್ಕೆ ಜನರು ದಿನನಿತ್ಯ ಹೋಗಿಬರುತ್ತಾರೆ. 1949ರಲ್ಲಿ ಸ್ಥಾಪಿತವಾದ ಯುರೋಪ್ ಮಂಡಳಿಯ ಕೇಂದ್ರವೂ ಯುರೋಪಿನ ಸಂಸತ್ತಿನ ಸ್ಥಾನವೂ ಇದೇ ನಗರದಲ್ಲಿವೆ.

ಬಳಸಬೇಕಾದ ಪದಗಳು

ನಡುಗಡ್ಡೆ: ಸುತ್ತಲೂ ನೀರಿರುವ ನೆಲ.
ಸಂಗಮ: ಎರಡು ಹೊಳೆಗಳು ಕೂಡುವ ಜಾಗ. ಕೂಡಲ ಎಂದೂ ಹೇಳಬಹುದು.
ಚೌಕ: ಬೀದಿಗಳು ಸೇರುವ ಬಯಲು.
ಓಣಿ, ಕೇರಿ, ಪೇಟೆ: ಆಯಾ ಸೀಮೆಯ ಬಳಕೆಯಂತೆ ಹೇಳಿಸುವುದು.
ಹೆಗ್ಗುರುತು: ದೂರದಿಂದಲೇ ಸ್ಥಳವನ್ನು ಗುರುತಿಸಲು ನೆರವಾಗುವ ಕಟ್ಟಡ, ಗುಡ್ಡ ಅಥವಾ ಮರ.
ವಿನ್ಯಾಸ: ಬೀದಿ, ಬಯಲು, ಕಟ್ಟಡಗಳ ಒಟ್ಟು ಜೋಡಣೆ.

ಈ ಪದಗಳಿಗೆ ಮಕ್ಕಳು ರಾಜ್ಯಭಾಷೆಯ ಪದಗಳನ್ನು ಹೇಳಿದರೆ ತಡೆಯಬಾರದು. ಎರಡನ್ನೂ ಹಲಗೆಯ ಮೇಲೆ ಬರೆದು, ಉತ್ತರವನ್ನು ಕನ್ನಡದಲ್ಲಿ ಪೂರ್ಣಗೊಳಿಸುವಂತೆ ನೆರವಾಗಬೇಕು.

ಚಟುವಟಿಕೆಗಳು

1. ನಕ್ಷೆ ಬಿಡಿಸುವುದು. ಅಂಗಳದ ಮಣ್ಣಿನಲ್ಲಿ ಸೇನ್ ನದಿಯನ್ನು ಗೆರೆಯಾಗಿ ಎಳೆದು, ನಡುಗಡ್ಡೆಯನ್ನು ಗುರುತಿಸಿ, 20 ವಾರ್ಡುಗಳನ್ನು ಪ್ರದಕ್ಷಿಣ ಕ್ರಮದಲ್ಲಿ ಕಲ್ಲುಗಳಿಂದ ಜೋಡಿಸುವುದು. ಒಬ್ಬ ವಿದ್ಯಾರ್ಥಿ ದಾರಿ ಕೇಳಬೇಕು. ಮತ್ತೊಬ್ಬನು ದಂಡೆ, ದಿಕ್ಕು, ಹೆಗ್ಗುರುತುಗಳನ್ನು ಬಳಸಿ ಕನ್ನಡದಲ್ಲಿ ದಾರಿ ಹೇಳಬೇಕು.

2. ಹೆಸರು ಬಿಡಿಸುವುದು. ‘ಹೊಸೂರು’ ಎಂದಾಗ ಹೊಸ ಊರು ಎಂಬ ಅರ್ಥ ಕನ್ನಡಿಗನಿಗೆ ತಾನಾಗಿ ಹೊಳೆಯುತ್ತದೆ. ‘ಓಸೂರ್’ ಎಂಬ ತಮಿಳು ರೂಪದಲ್ಲಿ ಆ ಅರ್ಥ ಮರೆಯಾಗಿದೆ. ಸ್ಟ್ರಾಸ್‌ಬರ್ಗಿನ ‘ಬರ್ಗ್’ ಮತ್ತು ಅಕ್ಕಲಕೋಟೆಯ ‘ಕೋಟೆ’ ಒಂದೇ ಅರ್ಥದವು. ಪ್ರತಿ ವಿದ್ಯಾರ್ಥಿಯೂ ತನ್ನ ಸುತ್ತಲಿನ ಐದು ಊರುಗಳ ಹೆಸರನ್ನು ಮನೆಯಲ್ಲಿ ಹೇಳುವಂತೆ ಮತ್ತು ಫಲಕದಲ್ಲಿರುವಂತೆ ಎರಡು ಸಾಲಿನಲ್ಲಿ ಬರೆದು ತರಲಿ.

3. ಹಿರಿಯರನ್ನು ಕೇಳುವುದು. ಊರಿನ ಹೊಲ, ಹಳ್ಳ, ದಿಬ್ಬ, ಬಾವಿ, ಓಣಿಗಳಿಗೆ ಅಜ್ಜ ಅಜ್ಜಿಯರು ಬಳಸುವ ಹೆಸರುಗಳನ್ನು ಸಂಗ್ರಹಿಸಿ ತರಗತಿಯ ದೊಡ್ಡ ನಕ್ಷೆಯಲ್ಲಿ ತುಂಬುವುದು. ಹೇಳಿದವರ ವಯಸ್ಸನ್ನೂ ಪಕ್ಕದಲ್ಲಿ ಬರೆಯಿಸಿರಿ. ಎಪ್ಪತ್ತು ದಾಟಿದವರಿಗೆ ಮಾತ್ರ ಗೊತ್ತಿರುವ ಹೆಸರುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸುವುದು. ಆ ಬಣ್ಣ ಎಷ್ಟಿದೆ ಎಂಬುದನ್ನು ಮಕ್ಕಳೇ ನೋಡಿ ಚರ್ಚಿಸಲಿ. ನಕ್ಷೆಯನ್ನು ಶಾಲೆಯಲ್ಲಿ ಕಾಯಂ ಆಗಿ ಉಳಿಸಿಕೊಂಡು, ಪ್ರತಿವರ್ಷದ ಮಕ್ಕಳಿಂದ ಹೊಸ ಹೆಸರುಗಳನ್ನು ಸೇರಿಸಿರಿ.

ಮೂರನೆಯ ಚಟುವಟಿಕೆಯಲ್ಲಿ ಎಚ್ಚರ ಅಗತ್ಯ. ಒಂದು ಭಾಷೆಯ ಹೆಸರು ಸರಿ, ಮತ್ತೊಂದು ತಪ್ಪು ಎಂಬ ವಾದಕ್ಕೆ ಎಡೆಕೊಡಬಾರದು. ಒಂದೇ ಹಳ್ಳಕ್ಕೆ ಕನ್ನಡ, ತುಳು, ಮರಾಠಿ, ತೆಲುಗು, ಉರ್ದು ಹೆಸರುಗಳಿದ್ದರೆ ಎಲ್ಲವನ್ನೂ ಬರೆಯಬೇಕು.

ಮೌಲ್ಯಮಾಪನ

1. ಪ್ಯಾರಿಸ್ಸಿನ ಬಲದಂಡೆ ಉತ್ತರಕ್ಕಿರಲು ಕಾರಣವೇನು?
2. ಓಸ್ಮಾನನ ಅಗಲವಾದ ರಸ್ತೆಗಳಿಂದ ಯಾರಿಗೆ ಅನುಕೂಲವಾಯಿತು, ಯಾರಿಗೆ ತೊಂದರೆಯಾಯಿತು? ಎರಡು ಪ್ಯಾರಾಗಳಲ್ಲಿ ಬರೆಯಿರಿ.
3. ಲಿಯೋನಿನ ನೇಕಾರರ ಮನೆಗಳ ರಚನೆಗೂ ಅವರ ಕಸುಬಿಗೂ ಇರುವ ಸಂಬಂಧವನ್ನು ವಿವರಿಸಿರಿ.
4. ಕಾನೆಬಿಯೇರ್ ಎಂಬ ಹೆಸರು ಏನನ್ನು ಕಾಪಾಡಿಕೊಂಡಿದೆ? ನಿಮ್ಮ ಊರಿನಲ್ಲಿ ಅಂಥ ಒಂದು ಹೆಸರನ್ನು ತಿಳಿಸಿರಿ.
5. ಸ್ಟ್ರಾಸ್‌ಬರ್ಗಿನ ಸ್ಮಾರಕದಲ್ಲಿ ಮಕ್ಕಳಿಬ್ಬರಿಗೂ ಸಮವಸ್ತ್ರವಿಲ್ಲದಿರುವುದಕ್ಕೆ ಕಾರಣ ಏನಿರಬಹುದು? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.

ಐದನೆಯ ಪ್ರಶ್ನೆಗೆ ಮಾದರಿ ಉತ್ತರವನ್ನು ಬರೆಯಿಸಬಾರದು. ವಿದ್ಯಾರ್ಥಿಯ ಸ್ವಂತ ವಾಕ್ಯಗಳಿಗೆ, ಅವು ತಪ್ಪುತಡೆಗಳಿಂದ ಕೂಡಿದ್ದರೂ, ಪೂರ್ಣ ಅಂಕಗಳನ್ನು ನೀಡತಕ್ಕದ್ದು.